ಪ್ರೆಸ್‌ಗೆ ಬೆರಳು ಕೊಟ್ಟ ತಮ್ಮ: ಪರಿಹಾರ ಕೇಳಿದರೆ ಉಂಡ ಮನೆಗೆ ದ್ರೋಹವೇ?

ಪ್ರಶ್ನೆ: ನನ್ನ ತಮ್ಮನಿಗೆ 30 ವರ್ಷ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೋಹದ ಶೀಟು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಯಂತ್ರದ ಆಪರೇಟರ್ ಆಗಿದ್ದ. ಸಂಬಳ 18,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ರಾತ್ರಿ ಓಟಿ ಮಾಡುವಾಗ ಪ್ರೆಸ್‌ಗೆ ಸಿಕ್ಕಿ ಬಲಗೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಬುಡದಿಂದ ಹೋದವು. ಮಾಲೀಕರು ಆಸ್ಪತ್ರೆ ಬಿಲ್ ಕಟ್ಟಿದರು. ಕೈಗೆ 40,000 ಕೊಟ್ಟು ‘ಇನ್ನು ಯಾವ ಬಾಕಿಯೂ ಇಲ್ಲ’ ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡರು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಆದ ಗಾಯ’ ಎಂದು ಬರೆಸಿದ್ದಾರೆ. ‘ಎಂಟೇ ಜನ ಇರೋದು, ಇಎಸ್‌ಐ ಇಲ್ಲ, ಮೊಬೈಲ್ ನೋಡ್ತಾ ಕೈ ಕೊಟ್ಟ’ ಅನ್ನುತ್ತಾರೆ. ಬೇಕಾದರೆ 11,000ಕ್ಕೆ ವಾಚ್‌ಮನ್ ಆಗಿ ಬರಲಿ ಅಂತಲೂ ಹೇಳಿದ್ದಾರೆ. ಕೇಸು ಹಾಕೋಣ ಎಂದರೆ ತಮ್ಮ ಒಪ್ಪುವುದಿಲ್ಲ, ‘ಉಂಡ ಮನೆಗೆ ಎರಡು ಬಗೆಯಬಾರದು ಅಕ್ಕ’ ಎನ್ನುತ್ತಾನೆ. ಈಗ ಯಾರ ಜೊತೆಗೂ ಕೂತು ಊಟ ಮಾಡುವುದಿಲ್ಲ, ಹೊರಗೆ ಹೋಗುವುದಿಲ್ಲ. ನಮಗೆ ಏನಾದರೂ ಹಕ್ಕಿದೆಯೇ? ಕೇಸು ಹಾಕಿದರೆ ಅವನು ಇನ್ನಷ್ಟು ಕುಗ್ಗುತ್ತಾನೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾರ್ಮಿಕ ಇಲಾಖೆಯಲ್ಲಿ ಅಧಿಕಾರಿಯಾಗಿದ್ದಷ್ಟು ಕಾಲ ಇಂಥ ಪ್ರಕರಣಗಳನ್ನು ಕೇಳಿದವನು ನಾನು. ಕರ್ನಾಟಕದಲ್ಲಿ ಮೊದಲು ಕಾರ್ಮಿಕ ಅಧಿಕಾರಿಗಳೇ ಪರಿಹಾರ ಆಯುಕ್ತರಾಗಿ ತೀರ್ಪು ಕೊಡುತ್ತಿದ್ದರು. ಆಮೇಲೆ ಆ ಅಧಿಕಾರ ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಹೋಯಿತು. ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಆದರೆ ತಮ್ಮನ ಮಾತಿಗೆ ಮೊದಲು ಉತ್ತರ ಹೇಳದೆ ಅಲ್ಲಿಗೆ ಹೋಗಲಾಗದು.

ಉಂಡ ಮನೆ ಎಂದನಲ್ಲ, ಆ ಮಾತನ್ನು ನಾನು ನೂರಾರು ಬಾಯಲ್ಲಿ ಕೇಳಿದ್ದೇನೆ. ಅದರಲ್ಲಿ ಒಳ್ಳೆಯತನವಿದೆ, ತಪ್ಪು ತಿಳಿವಳಿಕೆಯೂ ಇದೆ. ಪರಿಹಾರ ಕೇಳುವುದೆಂದರೆ ಮಾಲೀಕರ ಮೇಲೆ ದೂರು ಕೊಟ್ಟಂತೆ, ಅವರನ್ನು ತಪ್ಪಿತಸ್ಥರೆಂದು ಬೊಟ್ಟು ಮಾಡಿದಂತೆ ಎಂದು ನಿಮ್ಮ ತಮ್ಮ ಭಾವಿಸಿದ್ದಾನೆ. ಕಾನೂನು ಹಾಗೆ ನೋಡುವುದಿಲ್ಲ. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬರುವ ಮೊದಲು ಪರಿಸ್ಥಿತಿ ಹಾಗೇ ಇತ್ತು. ಮಾಲೀಕನ ನಿರ್ಲಕ್ಷ್ಯವನ್ನು ಕಾರ್ಮಿಕನೇ ಸಾಬೀತು ಮಾಡಬೇಕಿತ್ತು, ಅದು ಯಾರ ಕೈಲೂ ಆಗುತ್ತಿರಲಿಲ್ಲ. ಆ ಕಾಯಿದೆ ಬಂದ ಮೇಲೆ ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಬದಿಗಿಟ್ಟರು. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣಕ್ಕೆ ಅಪಘಾತವಾಯಿತೇ? ಆಗಿದ್ದರೆ ಪರಿಹಾರ ಕೊಡಬೇಕು, ಅಷ್ಟೆ. ಪ್ರೆಸ್ ನಡೆಸಿ ಲಾಭ ಪಡೆಯುವವರು ಅದರ ಅಚ್ಚು, ಅಂದರೆ ಡೈ, ಸವೆದರೆ ಹೊಸದು ಹಾಕಿಸುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ. ಕೆಲಸ ಮಾಡುವ ಕೈಗೆ ಪೆಟ್ಟಾದರೆ ಅದೂ ಆ ಉದ್ಯಮದ ಖರ್ಚೇ. ತಮ್ಮನಿಗೆ ಇದನ್ನು ಓದಿ ಹೇಳಿ. ಅವನು ಕೇಳುತ್ತಿರುವುದು ಬಾಕಿ ಇರುವ ಬಟವಾಡೆಯಂಥದ್ದು, ದಾನವಲ್ಲ. ಎಷ್ಟೋ ವರ್ಕ್‌ಶಾಪುಗಳಲ್ಲಿ ಇದಕ್ಕೆಂದೇ ವಿಮೆ ಪಾಲಿಸಿ ಇರುತ್ತದೆ. ಇಲ್ಲಿಯೂ ಇದ್ದರೆ ದುಡ್ಡು ಬರುವುದು ಮಾಲೀಕರ ಜೇಬಿನಿಂದಲೂ ಅಲ್ಲ, ಆದ್ದರಿಂದ ಪಾಲಿಸಿ ಇದೆಯೇ ಎಂದು ಮೊದಲೇ ಕೇಳಿ.

‘ಮೊಬೈಲ್ ನೋಡ್ತಾ ಇದ್ದ’ ಎಂಬುದು ನಿಜವೇ ಆಗಿದ್ದರೂ ಅದರಿಂದ ಹಕ್ಕು ಹೋಗುವುದಿಲ್ಲ. ಅಜಾಗರೂಕತೆ ಈ ಕಾಯಿದೆಯಲ್ಲಿ ನೆಪವಾಗದು. ಕುಡಿದು ಕೆಲಸ ಮಾಡಿದ್ದರೆ, ಸುರಕ್ಷತೆಗೆಂದು ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಯಂತ್ರಕ್ಕೆ ಹಾಕಿದ ರಕ್ಷಣಾ ಗಾರ್ಡನ್ನು ತಾನೇ ಬೇಕೆಂದು ತೆಗೆದಿದ್ದರೆ ಮಾತ್ರ ಮಾಲೀಕರಿಗೆ ವಾದ ಉಂಟು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದಾಗ ಆ ವಾದವೂ ನಿಲ್ಲುವುದಿಲ್ಲ. ಈ ಕಾರಣಕ್ಕೆ ನಿಮ್ಮ ತಮ್ಮನನ್ನು ಒಂದು ವಿಷಯ ಕೇಳಿ: ಆ ಪ್ರೆಸ್ ಇಳಿಯುತ್ತಿದ್ದುದು ಎರಡೂ ಕೈಯಿಂದ ಬಟನ್ ಒತ್ತಿದರೋ, ಕಾಲಿನ ಪೆಡಲ್ ತುಳಿದರೋ? ಎರಡು ಕೈ ಬಟನ್ ಇದ್ದರೆ ಪ್ರೆಸ್ ಇಳಿಯುವ ಹೊತ್ತಿಗೆ ಎರಡೂ ಕೈ ಡೈಯಿಂದ ಹೊರಗಿರಲೇಬೇಕು. ಪೀಸು ಬೇಗ ಬರಲಿ ಎಂದು ಅದನ್ನು ತಪ್ಪಿಸಿ ಪೆಡಲ್ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗೈ ಶೀಟು ಹಿಡಿದಿರುತ್ತದೆ, ಬಲಗೈ ಪೀಸು ತೆಗೆಯಲು ಡೈ ಒಳಗೆ ಹೋಗುತ್ತದೆ, ಕಾಲು ಅಭ್ಯಾಸಬಲದಿಂದ ಅರ್ಧ ಕ್ಷಣ ಮೊದಲೇ ಒತ್ತುತ್ತದೆ. ಹನ್ನೆರಡನೇ ತಾಸಿನ ಕೆಲಸದಲ್ಲಿ ಇದಕ್ಕೆ ಮೊಬೈಲೇ ಬೇಕಿಲ್ಲ.

ಈಗ ಸ್ಟ್ಯಾಂಪ್ ಪೇಪರ್ ವಿಚಾರ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎನ್ನುವ ಯಾವ ಕರಾರೂ ಕಾಯಿದೆಯ 17ನೇ ಕಲಮಿನ ಪ್ರಕಾರ ಅನೂರ್ಜಿತ. ಇಬ್ಬರೂ ಒಪ್ಪಿ ಮೊತ್ತ ನಿಗದಿ ಮಾಡಿಕೊಂಡಿದ್ದರೆ ಆ ಒಪ್ಪಂದವನ್ನು ಆಯುಕ್ತರ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆಯಿದ್ದರೆ, ಮೋಸ ಅಥವಾ ಒತ್ತಡ ಕಂಡರೆ ಅವರು ನೋಂದಣಿಯನ್ನೇ ನಿರಾಕರಿಸಬಹುದು. ನೋಂದಾಯಿಸದಿದ್ದರೆ ಮಾಲೀಕರು ಪೂರ್ತಿ ಪರಿಹಾರ ಕೊಡಬೇಕಾಗುತ್ತದೆ, ಮೊದಲು ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕಳೆಯುವಂತೆಯೂ ಇಲ್ಲ. ಆಸ್ಪತ್ರೆ ಬಿಲ್ಲು ಈ ಲೆಕ್ಕಕ್ಕೇ ಬರುವುದಿಲ್ಲ. ಚಿಕಿತ್ಸೆಯ ಖರ್ಚು ಪರಿಹಾರದ ಭಾಗವಲ್ಲ ಎಂದು ಕಾಯಿದೆಯೇ ಹೇಳುತ್ತದೆ, 2009ರ ತಿದ್ದುಪಡಿಯ ನಂತರ ಅದನ್ನು ಕೊಡುವುದು ಮಾಲೀಕರ ಪ್ರತ್ಯೇಕ ಹೊಣೆ. ಆದ್ದರಿಂದ ಆ ಕಾಗದಕ್ಕೆ ಹೆದರಬೇಡಿ, ಹರಿದೂ ಹಾಕಬೇಡಿ. ನಿಮ್ಮ ತಮ್ಮ ಅಲ್ಲೇ ಕೆಲಸ ಮಾಡುತ್ತಿದ್ದ, ಅಪಘಾತಕ್ಕಾಗಿ ಹಣ ಕೊಟ್ಟರು ಎಂಬುದಕ್ಕೆ ಮಾಲೀಕರೇ ಬರೆದುಕೊಟ್ಟ ಸಾಕ್ಷಿ ಅದು. ನಿಮ್ಮ ಬಳಿ ಪ್ರತಿ ಇಲ್ಲದಿದ್ದರೆ ಒಂದು ಜೆರಾಕ್ಸ್ ಕೇಳಿ ತೆಗೆದುಕೊಳ್ಳಿ.

ಮೊತ್ತದ ಲೆಕ್ಕಕ್ಕೆ ಬರೋಣ. ಅಪಘಾತ 2025ರ ಆಗಸ್ಟ್‌ನದು. ಈ ಕಾಯಿದೆಯ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು ಅದೇ ವರ್ಷ ನವೆಂಬರ್ 21ರಂದು. ಪರಿಹಾರದ ಹೊಣೆ ಅಪಘಾತದ ದಿನವೇ ಹುಟ್ಟುವುದರಿಂದ ನಿಮ್ಮ ತಮ್ಮನಿಗೆ ಹಳೆಯ ಕಾಯಿದೆಯ ಲೆಕ್ಕವೇ ಅನ್ವಯ. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ ಗರಿಷ್ಠ 15,000. ಅದರ ಶೇ 60 ಅಂದರೆ 9,000. ಇದನ್ನು ವಯಸ್ಸಿಗೆ ತಕ್ಕ ಅಂಶದಿಂದ ಗುಣಿಸುತ್ತಾರೆ, 30 ವರ್ಷಕ್ಕೆ ಅದು 207.98. ಬರುವ ಮೊತ್ತ 18,71,820. ಇದು ದುಡಿಯುವ ಶಕ್ತಿ ಪೂರ್ತಿ ಹೋದವರಿಗೆ. ಒಂದು ಕೈಯ ಮೂರು ಬೆರಳು ಹೋದರೆ ಕಾಯಿದೆಯ ಅನುಸೂಚಿ, ಅಂದರೆ ಗಾಯಗಳ ಪಟ್ಟಿ, ಹೇಳುವುದು ಶೇ 30. ಹಾಗಾಗಿ 5,61,546 ರೂಪಾಯಿ. ನಿಮ್ಮ ಕೈಗೆ ಬಂದದ್ದು 40,000.

ಇದರ ಜೊತೆಗೆ ಗಾಯ ಮಾಗುವವರೆಗೆ, ಕೆಲಸಕ್ಕೆ ಹೋಗಲಾಗದ ಅವಧಿಗೆ, ಹದಿನೈದು ದಿನಕ್ಕೊಮ್ಮೆ ಸಂಬಳದ ಕಾಲು ಭಾಗ ಕೊಡಬೇಕಿತ್ತು. 15,000ದ ಮಿತಿಯಲ್ಲಿ ಅದು 3,750. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ ಸೇರುತ್ತದೆ, ಅಪಘಾತದ ದಿನದಿಂದಲೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಲೆಕ್ಕದಲ್ಲಿ ಅದು ವರ್ಷಕ್ಕೆ 67,000ಕ್ಕೂ ಮೇಲು. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ಶೇ 50ರವರೆಗೆ ದಂಡವನ್ನೂ ಹಾಕಬಹುದು, ಆ ದಂಡವನ್ನು ವಿಮಾ ಕಂಪನಿಯಲ್ಲ, ಮಾಲೀಕರೇ ತೆರಬೇಕು.

ಶೇ 30 ಎಂಬ ಆ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಬಲಗೈ, ಎಡಗೈ ಎಂಬ ಭೇದ ಅನುಸೂಚಿಗಿಲ್ಲ. ಪ್ರೆಸ್ ಆಪರೇಟರೋ ಗುಮಾಸ್ತನೋ ಎಂದು ಅದು ಕೇಳುವುದಿಲ್ಲ. ತೋರುಬೆರಳು ಒಂದೇ ಹೋದರೆ 14, ನಡುಬೆರಳಿಗೆ 12, ಉಂಗುರಬೆರಳಿಗೆ 7, ಹೆಬ್ಬೆರಳಿಗೆ 30, ಹೀಗೆ ಬೆರಳು ಎಣಿಸಿ ಹೇಳುತ್ತದೆ, ಅಷ್ಟೆ. ಆದರೆ ಕಾಯಿದೆಯ ವ್ಯಾಖ್ಯಾನ ಬೇರೆಯದೇ ಮಾತನ್ನಾಡುತ್ತದೆ. ಅಪಘಾತದ ಹೊತ್ತಿಗೆ ಮಾಡಬಲ್ಲವನಾಗಿದ್ದ ಎಲ್ಲ ಕೆಲಸಕ್ಕೂ ಅಸಮರ್ಥನಾದರೆ ಅದು ಪೂರ್ಣ ಅಂಗವೈಕಲ್ಯ. 1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂತು. ಎಡಗೈಯನ್ನು ಮೊಣಕೈ ಬಳಿ ಕತ್ತರಿಸಿದ್ದರು. ಪಟ್ಟಿಯ ಪ್ರಕಾರ ಭಾಗಶಃ ನಷ್ಟವಷ್ಟೇ ಎಂದು ಮಾಲೀಕರ ವಾದ. ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂಬ ಆಯುಕ್ತರ ತೀರ್ಮಾನವನ್ನು ಕೋರ್ಟ್ ಎತ್ತಿಹಿಡಿಯಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ನಿಮ್ಮ ವಕೀಲರಿಗೆ ಹೇಳಿದರೆ ಸಾಕು. ನಿಮ್ಮ ತಮ್ಮನಿಗೆ ನೂರು ಸಿಕ್ಕೇ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ, ಮೂರು ಬೆರಳು ಪಟ್ಟಿಯಲ್ಲೇ ಇರುವುದರಿಂದ ಎದುರಿನವರು 30ಕ್ಕೇ ಅಂಟಿಕೊಳ್ಳುತ್ತಾರೆ. ಆದರೆ ಉಳಿದ ಕಿರುಬೆರಳು ಮಡಚುತ್ತದೆಯೇ, ಹೆಬ್ಬೆರಳಿಗೆ ಹಿಡಿತ ಇದೆಯೇ, ಅಂಗೈಯ ನರಕ್ಕೆ ಪೆಟ್ಟಾಗಿದೆಯೇ ಎಂಬುದನ್ನೆಲ್ಲ ಮೂಳೆ ತಜ್ಞರು ಪರೀಕ್ಷಿಸಿ ಬರೆಯಬೇಕು, ಬಂದು ಸಾಕ್ಷಿ ಹೇಳಲು ಒಪ್ಪಬೇಕು. ಕೇಸಿನ ಜೀವ ಇರುವುದು ಅಲ್ಲೇ. ಅಂಗವಿಕಲರ ಗುರುತಿನ ಚೀಟಿಯಲ್ಲಿ ಬರೆಯುವ ಶೇಕಡಾ ಬೇರೆ, ದುಡಿಮೆಯ ನಷ್ಟದ ಶೇಕಡಾ ಬೇರೆ. ಇವೆರಡನ್ನೂ ಬೆರೆಸಿ ಕೆಡಿಸಿಕೊಂಡವರನ್ನು ಬಹಳ ಕಂಡಿದ್ದೇನೆ.

ಎಂಟೇ ಜನ, ಇಎಸ್‌ಐ ಇಲ್ಲ ಎಂಬ ಮಾತನ್ನೂ ಹಾಗೇ ನಂಬಬೇಡಿ. ಹತ್ತು ಜನರಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಅನ್ವಯ, 21,000ದವರೆಗೆ ಸಂಬಳ ಇರುವವರು ಅದರೊಳಗೆ ಬರುತ್ತಾರೆ. ಎಣಿಸುವಾಗ ಕಾಂಟ್ರಾಕ್ಟರ್ ಕಡೆಯ ಹುಡುಗರು, ಪ್ಯಾಕಿಂಗ್ ಹೆಂಗಸರು, ಕಸ ಗುಡಿಸುವವರು ಎಲ್ಲರೂ ಸೇರಬೇಕು. ಹತ್ತು ದಾಟಿದ್ದೂ ಮಾಲೀಕರು ನೋಂದಾಯಿಸಿಲ್ಲ ಎಂದಾದರೆ, ಆ ತಪ್ಪಿಗೆ ಕಾರ್ಮಿಕ ಹೊಣೆಯಲ್ಲ, ಅವನ ಹಕ್ಕು ಉಳಿದೇ ಇರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಇಎಸ್‌ಐ ಇದ್ದರೆ ಪರಿಹಾರ ಕಾಯಿದೆಯಡಿ ಬೇರೆಯಾಗಿ ಕೇಳುವಂತಿಲ್ಲ, ಆದರೆ ಸಿಗುವುದು ಎಷ್ಟು ಬೇರೆ ನೋಡಿ. ಗಾಯ ಮಾಗುವವರೆಗೆ ಕೂಲಿಯ ಶೇ 90. ನಂತರ ಮೆಡಿಕಲ್ ಬೋರ್ಡ್ ಶೇ 30 ಎಂದರೆ ಆ 90ರ ಶೇ 30, ಜೀವ ಇರುವವರೆಗೆ ತಿಂಗಳು ತಿಂಗಳು. 18,000 ಸಂಬಳಕ್ಕೆ ಸುಮಾರು 4,860. ಕೋರ್ಟಿಲ್ಲ, ಮಾಲೀಕರ ಮುಖ ನೋಡಬೇಕಿಲ್ಲ. ಒಂದೇ ರಸ್ತೆಯ ಎರಡು ವರ್ಕ್‌ಶಾಪುಗಳಲ್ಲಿ ಒಂದೇ ಬಗೆಯ ಪ್ರೆಸ್‌ಗೆ ಒಂದೇ ಬೆರಳು ಹೋದರೂ ಒಬ್ಬನಿಗೆ ಕಾಯಂ ಪಿಂಚಣಿ, ಇನ್ನೊಬ್ಬನಿಗೆ ವರ್ಷಗಟ್ಟಲೆ ವಾಯಿದೆ. ಎಂಟಕ್ಕೂ ಹತ್ತಕ್ಕೂ ಇರುವ ಈ ಅಂತರ ನನಗೆ ಸೇವೆಯುದ್ದಕ್ಕೂ ಅನ್ಯಾಯವೆಂದೇ ಕಂಡಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೇಸು ಅವನನ್ನು ಕುಗ್ಗಿಸುತ್ತದೆಯೇ? ಕುಗ್ಗಿಸಬಹುದು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕೋರ್ಟಿಗೆ ಕಳಿಸಲಾರೆ.

ನಾನು ವಿಚಾರಣೆ ನಡೆಸುತ್ತಿದ್ದಾಗ ಒಬ್ಬ ಹುಡುಗ ಬಂದಿದ್ದ. ಬಲಗೈಗೆ ಟವೆಲ್ ಸುತ್ತಿಕೊಂಡೇ ಕೂತಿದ್ದ. ಎದುರು ಪಕ್ಷದ ವಕೀಲರು ಟವೆಲ್ ತೆಗೆಸಿ, ಮೇಜಿನ ಮೇಲಿದ್ದ ನೀರಿನ ಲೋಟ ಎತ್ತು ಎಂದರು. ಹೆಬ್ಬೆರಳು ಕಿರುಬೆರಳಿನ ನಡುವೆ ಹೇಗೋ ಎತ್ತಿದ. ಅಂಗಿಯ ಗುಂಡಿ ಹಾಕಿ ತೋರಿಸು ಎಂದರು. ಮೇಲಿನ ಗುಂಡಿಗೆ ಕೈ ಹೋಗಲಿಲ್ಲ, ಎಡಗೈಯಿಂದ ಹಾಕಿಕೊಂಡ. ‘ನೋಡಿ, ಎಲ್ಲ ಮಾಡ್ತಾನೆ’ ಎಂದು ಅವರು ಬರೆಸಿದರು. ಬರೆದುಕೊಂಡವನು ನಾನು. ಮುಂದಿನ ವಾಯಿದೆಗೆ ವೈದ್ಯರು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಪ್ರತಿ ಸಲವೂ ಆ ಹುಡುಗ ಟವೆಲ್ ಬಿಚ್ಚಿದ. ಕಾಯಿದೆ ಮೂರು ತಿಂಗಳಲ್ಲಿ ಮುಗಿಸಿ ಅನ್ನುತ್ತದೆ, ನನ್ನ ಮುಂದೆ ಅದು ಎರಡು ವರ್ಷ ದಾಟಿತು. ತೀರ್ಪು ಅವನ ಪರವಾಗಿಯೇ ಆಯಿತು, ಆದರೆ ಅಷ್ಟರಲ್ಲಿ ಅವನು ಮಾತಾಡುವುದನ್ನೇ ಕಡಿಮೆ ಮಾಡಿದ್ದ. ಒಂದೇ ಸಲ ನೋಡಿ ನಾನೇ ಬರೆದುಕೊಂಡು ಮುಗಿಸಬಹುದಿತ್ತು. ಅದನ್ನು ಮಾಡಲಿಲ್ಲವಲ್ಲ ಎಂಬ ನೋವು ಈಗಲೂ ಇದೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಆಸ್ಟ್ರೇಲಿಯಾದಲ್ಲಿ ಗಾಯಾಳುಗಳನ್ನು ಆರು ವರ್ಷ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪರಿಹಾರ ಕೇಳುವ ಪ್ರಕ್ರಿಯೆಯೇ ಯಾರಿಗೆ ಹೆಚ್ಚು ಕಷ್ಟ ಕೊಟ್ಟಿತೋ ಅವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿ ಉಳಿದಿತ್ತು. ಜನ ಹೆಚ್ಚು ಬಳಲಿದ್ದು ಮೂರು ಕಾರಣಕ್ಕೆ: ಏನು ಮಾಡಬೇಕೆಂದೇ ತಿಳಿಯದಿರುವುದು, ವಿಳಂಬ, ಮತ್ತೆ ಮತ್ತೆ ವೈದ್ಯಕೀಯ ಪರೀಕ್ಷೆ. ಮೊತ್ತದ ಚಿಂತೆ ಇವುಗಳ ನಂತರ. ಟವೆಲಿನ ಹುಡುಗನಿಗೂ ಆದದ್ದು ಇದೇ. ಗಾಯದ ಜೊತೆಗೆ, ನಾನು ಸುಳ್ಳು ಹೇಳುತ್ತಿಲ್ಲ ಎಂದು ದಿನವೂ ರುಜುವಾತು ಮಾಡುವ ಹೊರೆ.

ಹಾಗಂತ ಬಿಟ್ಟುಬಿಡಿ ಎನ್ನುತ್ತಿಲ್ಲಮ್ಮ. ಸುಮ್ಮನಿದ್ದವರೂ ಕುಗ್ಗಿದ್ದನ್ನು ಕಂಡಿದ್ದೇನೆ, ಅವರಿಗೆ ಸಾಲವೂ ಜೊತೆಗೂಡುತ್ತದೆ. ನಾನು ಹೇಳುವುದು ಇಷ್ಟು: ಆ ಹೊರೆಯಲ್ಲಿ ಎಷ್ಟಾಗುತ್ತದೋ ಅಷ್ಟನ್ನು ನೀವು ಹೊರಿ. ಕಾಗದ ಹಿಡಿದು ಓಡಾಡುವುದು, ವಕೀಲರ ಜೊತೆ ಮಾತು, ವಾಯಿದೆಯ ದಿನ ನೆನಪಿಡುವುದು ನಿಮ್ಮ ಪಾಲಿಗಿರಲಿ. ಅವನು ಸಹಿಗೆ, ಸಾಕ್ಷಿಗೆ, ವೈದ್ಯರ ಪರೀಕ್ಷೆಗೆ ಬಂದರೆ ಸಾಕು. ಕೈಗಾರಿಕಾ ಕಾರ್ಮಿಕನಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ, ಕೇಸು ನಾವೇ ನೋಡಿಕೊಳ್ಳುತ್ತೇವೆ ಎನ್ನುವವರು ಆಸ್ಪತ್ರೆ, ಕೋರ್ಟಿನ ಹತ್ತಿರ ಸಿಗುತ್ತಾರೆ. ಅವರ ಯಾವ ಕಾಗದಕ್ಕೂ ಸಹಿ ಬೇಡ. ಪರಿಹಾರವನ್ನು ಬೇರೆಯವರಿಗೆ ಬರೆದುಕೊಡಲು, ಒತ್ತೆ ಇಡಲು ಕಾನೂನಿನಲ್ಲಿ ಅವಕಾಶವಿಲ್ಲ.

ವಾಚ್‌ಮನ್ ಕೆಲಸ ಅವನಿಗೆ ಇಷ್ಟವಿದ್ದರೆ ಮಾಡಲಿ. ಆ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗದು. 18,000 ದುಡಿಯುತ್ತಿದ್ದವನಿಗೆ ಅದೇ ಜಾಗದಲ್ಲಿ 11,000 ಎಂಬುದು ದುಡಿಮೆಯ ನಷ್ಟಕ್ಕೆ ಪುರಾವೆಯೂ ಆಗುತ್ತದೆ. ರಾಜೀನಾಮೆ ಎಂದು ಮಾತ್ರ ಬರೆದುಕೊಡುವುದು ಬೇಡ.

ಅರ್ಜಿ ಹಾಕಲು ಅಪಘಾತದಿಂದ ಎರಡು ವರ್ಷದ ಗಡುವು, ಅಂದರೆ 2027ರ ಆಗಸ್ಟ್. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುತ್ತಾರಾದರೂ ಅಲ್ಲಿಯವರೆಗೆ ಬಿಡಬೇಡಿ. ಹೊಸ ಸಂಹಿತೆ ಬಂದಿರುವುದರಿಂದ ಯಾರ ಮುಂದೆ, ಯಾವ ಕಲಮಿನಡಿ ಹಾಕಬೇಕೆಂದು ಪ್ರಾಧಿಕಾರದ ವಕೀಲರಿಂದಲೇ ತಿಳಿದುಕೊಳ್ಳಿ. ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದೇನೂ ಇರಲಿಲ್ಲ, ಗಾಯಾಳು ವಾಸವಿರುವ ಊರಿನಲ್ಲೂ ಹಾಕಬಹುದಿತ್ತು. ನೀವು ಊರಿಗೆ ಹಿಂದಿರುಗುವ ಯೋಚನೆಯಲ್ಲಿದ್ದರೆ ಇದನ್ನೂ ಕೇಳಿ.

ಅವನ ಮನಸ್ಸಿನ ವಿಚಾರವನ್ನು ಕೇಸು ಮುಗಿಯಲಿ ಎಂದು ಮುಂದೂಡಬೇಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಕೈಗೆ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿ ವಿಭಾಗ ದೊಡ್ಡ ಆಸ್ಪತ್ರೆಗಳಲ್ಲಿ ಇರುತ್ತದೆ. ಉಳಿದ ಎರಡು ಬೆರಳಲ್ಲಿ ಹಿಡಿಯಲು ಹಿಡಿಕೆ ದಪ್ಪ ಮಾಡಿದ ಚಮಚದಿಂದ ಅಲ್ಲಿ ಶುರು ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಒಂದು ವಾರ ಎಲ್ಲರೂ ಚಮಚದಲ್ಲೇ ಉಂಡರೆ ಅವನು ತಟ್ಟೆ ಹಿಡಿದು ಒಳಕೋಣೆಗೆ ಹೋಗುವುದು ತಪ್ಪಬಹುದು.

ಈ ವಾರದ ಕೆಲಸ ಒಂದೇ. ಆಸ್ಪತ್ರೆಯ ದಾಖಲೆಯಲ್ಲಿ ‘ಮನೆಯಲ್ಲಿ ಆದ ಗಾಯ’ ಎಂಬ ಸಾಲಿದೆಯಲ್ಲ, ಎದುರು ಪಕ್ಷದವರು ಮೊದಲು ಎತ್ತಿ ತೋರಿಸುವುದು ಅದನ್ನೇ. ಅದನ್ನು ಅಳಿಸಲಾಗದು. ಆದರೆ ಗಾಯ ಹೇಗಾಯಿತು, ಆ ದಿನ ಯಾರು ಹೀಗೆ ಬರೆಸಿದರು ಎಂದು ತಮ್ಮನ ಹೆಸರಿನಲ್ಲಿ ಆಸ್ಪತ್ರೆಗೆ ಒಂದು ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕೇಸ್ ಶೀಟಿನ ಪೂರ್ತಿ ನಕಲು ಕೇಳಿ. ಪ್ರೆಸ್ ಜಜ್ಜಿ ಕತ್ತರಿಸಿದ ಗಾಯಕ್ಕೂ ಮನೆಯಲ್ಲಿ ಆಗುವ ಗಾಯಕ್ಕೂ ವ್ಯತ್ಯಾಸವನ್ನು ಶಸ್ತ್ರಚಿಕಿತ್ಸೆ ಮಾಡಿದವರ ಟಿಪ್ಪಣಿಯೇ ಹೇಳುತ್ತದೆ. ಬಿಲ್ಲು ಕಟ್ಟಿದ ರಸೀದಿ ಯಾರ ಹೆಸರಿನಲ್ಲಿದೆ ನೋಡಿ. ಆ ರಾತ್ರಿ ಜೊತೆಗಿದ್ದ ಹುಡುಗರು ಕಳಿಸಿದ ವಾಟ್ಸಾಪ್ ಮೆಸೇಜು, ಮಾಲೀಕರ ಕಾಲ್ ಬಂದ ಹೊತ್ತು, ಸಂಬಳ ಬಂದ ಫೋನ್‌ಪೇ ದಾಖಲೆ, ಎಲ್ಲವನ್ನೂ ಬೇರೊಂದು ಫೋನಿಗೂ ಕಳಿಸಿಟ್ಟುಕೊಳ್ಳಿ. ಅವನ ಫೋನು ಒಡೆದರೆ ಅವೆಲ್ಲ ಅದರ ಜೊತೆಗೇ ಹೋಗುತ್ತವೆ.